ಕಬಡ್ಡಿ ಕ್ಯಾಸೆಟ್ಟಿನ ನ್ಯಾಯ

ಗುಂಡ್ಲು ಗೇಮ್ಸ್ ಕಂಪನಿಗೆ ಸೇರಿದಂದಿನಿಂದ ರಂಜಿನಿ ಒಂದೇ ಒಂದು ಸುಳ್ಳನ್ನೂ ಬರೆದಿರಲಿಲ್ಲ. ಅದು ಅವಳಿಗೆ ಹೆಮ್ಮೆಯ ವಿಷಯ. ಆದರೂ ಆಫೀಸಿನ ಫೋನು ಗಣಗಣಿಸಿದಾಗಲೆಲ್ಲ ಬೇರೆ ಯಾರಾದರೂ ಎತ್ತಲಿ ಎಂದು ಅವಳು ಕಾಯುತ್ತಿದ್ದಳು. ನಿಜವನ್ನೇ ಬರೆಯುವವಳಿಗೆ ಯಾಕಿಷ್ಟು ಭಯ ಎಂದು ತನ್ನನ್ನೇ ಕೇಳಿಕೊಂಡು, ಉತ್ತರ ಸಿಗುವ ಮೊದಲೇ ಬೇರೆ ಕೆಲಸ ಹಿಡಿದುಕೊಳ್ಳುತ್ತಿದ್ದಳು.

ಕಂಪನಿ ಎಂದರೆ ದೊಡ್ಡದೇನಲ್ಲ. ನಂಜನಗೂಡಿನ ಬಜಾರಿನಲ್ಲಿ ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು, ಇನ್ನೊಂದರಲ್ಲಿ ಆಟ ತಯಾರಿಸುತ್ತಿದ್ದರು. ಮಾಲೀಕ ಜಗನ್ ಮಾತಾಡುವಾಗ ಎರಡೂ ಕೈ ಎತ್ತಿ ಗಾಳಿಯಲ್ಲಿ ಕಟ್ಟಡ ಕಟ್ಟುವ ಮನುಷ್ಯ. ಪ್ರೋಗ್ರಾಂ ಬರೆಯುವ ಪ್ರೇಮ್‌ಕುಮಾರ್ ಬೆರಳು ಬಿಟ್ಟು ಬೇರೇನನ್ನೂ ಅಲ್ಲಾಡಿಸದವನು. ಕನ್ನಡ ಬಿ.ಎ. ಮಾಡಿದ್ದ ರಂಜಿನಿಯನ್ನು ಮೊದಲು ಟೈಪಿಂಗಿಗೆಂದು ತೆಗೆದುಕೊಂಡಿದ್ದರು. ಒಂದು ಅಲ್ಪವಿರಾಮ ಹಾಕುವುದಕ್ಕೂ ಅವಳು ತಡೆದು ಯೋಚಿಸುವುದನ್ನು ನೋಡಿದ ಜಗನ್, "ಇನ್ಮೇಲೆ ಪೇಪರಿಗೆ, ಅಭಿಮಾನಿಗಳಿಗೆ, ಎಲ್ಲಾ ನೀವೇ ಬರೀರಿ," ಎಂದ.

"ನಮಗೆ ಅಭಿಮಾನಿಗಳಿದ್ದಾರಾ ಸರ್?"

"ಆಗ್ತಾರೆ."

ಆದರು. ಎರಡು ಸಾವಿರದ ಮೂರನೇ ಇಸವಿಯಲ್ಲಿ ಕಂಪನಿ 'ತಾಲ್ಲೂಕು ಕಬಡ್ಡಿ' ಎಂಬ ಕಂಪ್ಯೂಟರ್ ಆಟವನ್ನು ಹೊರತಂದಿತು. ಅದರಲ್ಲಿ ತಗಡೂರಿನ ತಂಡವಿತ್ತು, ಹೆಮ್ಮರಗಾಲದ ತಂಡವಿತ್ತು, ನರಸೀಪುರದ ತಂಡವಿತ್ತು. ನಮ್ಮೂರಿನ ಹೆಸರು ಪರದೆಯ ಮೇಲೆ ಮೂಡುತ್ತದೆ, ಪಕ್ಕದೂರಿನವನ ಕಾಲು ಹಿಡಿದು ನೆಲಕ್ಕೆ ಕೆಡವಬಹುದು, ಆಮೇಲೆ ಪೊಲೀಸರೂ ಬರುವುದಿಲ್ಲ ಎಂದಮೇಲೆ ಅಂಥ ಆಟ ಯಾರಿಗೆ ಬೇಡ? ತೊಂದರೆ ಇದ್ದದ್ದು ಒಂದೇ. ಆಟ ಕಂಪ್ಯೂಟರಿನದು, ಕಂಪ್ಯೂಟರ್ ಯಾರ ಮನೆಯಲ್ಲೂ ಇರಲಿಲ್ಲ. ಜನರ ಬಳಿ ಇದ್ದದ್ದು ಟಿ.ವಿ. ಗೇಮಿನ ಪೆಟ್ಟಿಗೆ. ಟಿ.ವಿ.ಗೆ ವೈರು ಸಿಕ್ಕಿಸಿ, ಪೆಟ್ಟಿಗೆಯ ಬಾಯಿಗೆ ಕ್ಯಾಸೆಟ್ ತುರುಕಿ ಆಡುವಂಥದ್ದು.

"ಟಿ.ವಿ. ಪೆಟ್ಟಿಗೆಗೂ ಕ್ಯಾಸೆಟ್ ಮಾಡ್ತೀವಿ," ಎಂದು ಜಗನ್ ಹೇಳಿದ್ದು ನರಸೀಪುರದ ಸಮುದಾಯ ಭವನದ ಸಭೆಯಲ್ಲಿ. ಸಭೆಗೆ ಗಂಟೆಗಿಷ್ಟೆಂದು ಟಿ.ವಿ. ಆಟ ಆಡಿಸುವ ಗೇಮ್ ಅಂಗಡಿಯವರು, ಕಬಡ್ಡಿ ಹುಡುಗರು, ಫ್ಯಾನಿನ ಗಾಳಿಗೆಂದು ಬಂದ ಹಿರಿಯರು ಎಲ್ಲರೂ ಸೇರಿದ್ದರು. ಕಂಪ್ಯೂಟರ್ ಆಟದ ಸಿ.ಡಿ. ಕೊಂಡವರಿಗೆ ಕ್ಯಾಸೆಟ್ ಮೊದಲು ಎಂದೂ ಅವನು ಸೇರಿಸಿದ. ಕೂಡಲೇ ಕಂಪ್ಯೂಟರ್ ಮುಟ್ಟಿಯೂ ಗೊತ್ತಿಲ್ಲದವರು ಸಾಲುನಿಂತು ಸಿ.ಡಿ. ಕೊಂಡರು. ರಂಜಿನಿಯ ಭಾವ ಚಿಕ್ಕಸ್ವಾಮಿ ತನ್ನ ಸಿ.ಡಿ.ಗೆ ಅರಿಸಿನ ಕುಂಕುಮ ಹಚ್ಚಿ ತನ್ನ ಗೇಮ್ ಅಂಗಡಿಯ ದೇವರ ಪಟದ ಪಕ್ಕ ತೂಗುಹಾಕಿದ. ಅದು ಹೊಳೆಯುತ್ತಿತ್ತು, ಬಂದವರೆಲ್ಲ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದರು.

ಸಭೆ ಮುಗಿದಾಗ ಎಲ್ಲರಿಗೂ ಟೋಪಿ ಹಂಚಬೇಕೆಂದು ಜಗನ್‌ಗೆ ಆಸೆ. ಟೋಪಿ ದುಬಾರಿಯಾಯಿತು. "ಎಲೆ, ಅಡಿಕೆ, ಒಂದು ತೆಂಗಿನಕಾಯಿ ಕೊಟ್ಟರೆ ಮರ್ಯಾದೆಯಾಗಿರುತ್ತೆ ಸರ್," ಎಂದಿದ್ದವಳು ರಂಜಿನಿಯೇ. ಬಾಗಿಲಲ್ಲಿ ನಿಂತು ಕೊಟ್ಟವಳೂ ಅವಳೇ. ಆ ಬೀದಿಯ ನ್ಯಾಯ ಹೇಳುವ ಯಜಮಾನ ಪುಟ್ಟಬಸವಯ್ಯ ವೀಳ್ಯವನ್ನು ಕಣ್ಣಿಗೊತ್ತಿಕೊಂಡು, "ಸರಿ ಕಣವ್ವ. ಒಪ್ಪ ವೀಳ್ಯ ಈಸ್ಕಂಡ್ವಿ. ಇನ್ನು ಮಾತು ನಿಂದು," ಎಂದ. ಆ ಸೀಮೆಯಲ್ಲಿ ಹತ್ತು ಜನರ ಮುಂದೆ ಮಾತಾಡಿ ವೀಳ್ಯ ಕೊಟ್ಟರೆ ಅದು ಉಪಚಾರವಲ್ಲ, ಒಪ್ಪಂದ. ಅವಳ ಅಕ್ಕ ಶಾಂತಿಯ ಮದುವೆ ನಿಶ್ಚಯವಾದದ್ದೂ ಹಾಗೆಯೇ. ರಂಜಿನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಆ ದಿನ ಅವಳ ಗಮನವೆಲ್ಲ ತೆಂಗಿನಕಾಯಿ ಎಲ್ಲರಿಗೂ ಸಾಲುತ್ತದೋ ಇಲ್ಲವೋ ಎಂಬುದರ ಮೇಲಿತ್ತು.

ಕ್ಯಾಸೆಟ್ಟಿನ ಕೆಲಸ ಹಿಡಿದ ಪ್ರೇಮ್‌ಕುಮಾರ್ ಒಂದು ದಿನ ಜಗನ್‌ನನ್ನೂ ರಂಜಿನಿಯನ್ನೂ ಟಿ.ವಿ. ಮುಂದೆ ಕೂರಿಸಿದ. ತಗಡೂರಿನವನು ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದ. ಎದುರು ತಂಡದವರು ಕೈ ಕೈ ಹಿಡಿದು ಸಾಲಾಗಿ ನಿಂತರು. ಸಾಲು ಕೂಡಿದ ಕೂಡಲೇ ಅದರ ಅರ್ಧ ಭಾಗ ಮಾಯವಾಯಿತು. ಇದ್ದವರೂ ಮಿಣಮಿಣ ಎನ್ನುತ್ತಿದ್ದರು.

"ಎಲ್ಲಿ ಹೋದ್ರು?" ಎಂದ ಜಗನ್.

"ಪೆಟ್ಟಿಗೆ ಒಂದು ಸಾಲಿಗೆ ಇಷ್ಟೇ ಚಿತ್ರ ತೋರಿಸೋದು. ನಾಲ್ಕು ಜನ ನಿಂತರೆ ಸರಿ. ಐದನೆಯವನು ಬಂದ್ರೆ ಕಾಣಲ್ಲ."

"ಕಬಡ್ಡಿಗೆ ಏಳು ಜನ ಬೇಕಲ್ಲಪ್ಪ."

"ಅದನ್ನ ನಾನು ಸಭೆಗೆ ಮುಂಚೇನೇ ಹೇಳಿದ್ದೆ."

ಜಗನ್ ಗಾಳಿಯಲ್ಲಿ ಕಟ್ಟುತ್ತಿದ್ದ ಕಟ್ಟಡ ಅರ್ಧಕ್ಕೆ ನಿಂತಿತು. ಕೈ ಕೆಳಗಿಳಿಸಿದ. ಆಮೇಲೆ ಕ್ಯಾಸೆಟ್ ಕೆಲಸ ಅಲ್ಲಿಗೆ ನಿಲ್ಲಿಸಲು ಹೇಳಿ ರಂಜಿನಿಯ ಕಡೆ ತಿರುಗಿದ.

"ಜನಕ್ಕೆ ಈಗಲೇ ತಿಳಿಸೋದು ಬೇಡ. ಸಿ.ಡಿ. ಖರ್ಚಾಗಲಿ. ಯಾರಾದ್ರೂ ಕೇಳಿದ್ರೆ ಬರೀರಿ."

"ಏನಂತ ಬರೀಲಿ ಸರ್? ಸುಳ್ಳು..."

"ಛೆ ಛೆ, ಸುಳ್ಳು ನನಗೂ ಆಗಲ್ಲ ರಂಜಿನಿ. ನಿಜಾನೇ ಬರೀರಿ. ಆದ್ರೆ ಎಲ್ಲಾನೂ ಬರೀಬೇಡಿ. ಇದು ಆಚೆ ಹೋದ್ರೆ ನಮ್ಮ ಮೂವರಲ್ಲಿ ಯಾರಿಂದ ಹೋಯ್ತು ಅನ್ನೋದು ನನಗೆ ತಕ್ಷಣ ಗೊತ್ತಾಗುತ್ತೆ. ಪ್ರೇಮ್ ಬಾಯೇ ಬಿಡಲ್ಲ."

ರಂಜಿನಿ ನಿಜ ಬರೆಯತೊಡಗಿದಳು. 'ಟಿ.ವಿ. ಆವೃತ್ತಿಯ ಬಗ್ಗೆ ನೀವು ತೋರುತ್ತಿರುವ ಪ್ರೀತಿಗೆ ನಾವು ಋಣಿಗಳು.' ಋಣಿಗಳು ಹೌದು. 'ಗುಣಮಟ್ಟದ ವಿಷಯದಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ.' ಇದೂ ಹೌದು, ಮಾಡಿಕೊಳ್ಳುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. 'ಸದ್ಯಕ್ಕೆ ಬಿಡುಗಡೆಯ ದಿನಾಂಕ ಹೇಳಲಾಗದು.' ಇದಕ್ಕಿಂತ ದೊಡ್ಡ ಸತ್ಯ ಇನ್ನಾವುದು? ಬರೆದ ಪ್ರತಿ ವಾಕ್ಯವನ್ನೂ ಅವಳು ಮನಸ್ಸಿನಲ್ಲೇ ಕೋರ್ಟಿನ ಕಟಕಟೆಗೆ ಹತ್ತಿಸಿ ಪ್ರಶ್ನೆ ಕೇಳುತ್ತಿದ್ದಳು. ಎಲ್ಲ ವಾಕ್ಯವೂ ನಿರ್ದೋಷಿ ಎಂದು ಬಿಡುಗಡೆಯಾಗಿ ಹೊರಗೆ ಹೋಗಿ, ನರಸೀಪುರದ ಬಸ್ಸು ಹತ್ತಿ, ಅಲ್ಲಿ ತನಗೆ ಬೇಕಾದ ವೇಷ ಹಾಕಿಕೊಳ್ಳುತ್ತಿತ್ತು. ಋಣಿಗಳು ಎಂದಿದ್ದಾರೆ, ಹಾಗಾದರೆ ಹಬ್ಬಕ್ಕೆ ಬರುತ್ತದೆ. ದಿನಾಂಕ ಹೇಳಲಾಗದು ಎಂದಿದ್ದಾರೆ, ಹಾಗಾದರೆ ದಿನಾಂಕ ಗೊತ್ತಾಗಿದೆ.

ಇದೆಲ್ಲ ಬೇರೆಯವರ ಪಾಡು ಆಗಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಶಾಂತಿ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿದಳು.

"ನಿನ್ನ ಕೆಲಸದ ಮಧ್ಯೆ ಮಾಡ್ತಾ ಇದೀನಿ ಕಣೆ, ಬೈಕೋಬೇಡ. ಮೆಡಿಕಲ್ ಸ್ಟೋರ್ ಮಹದೇವಯ್ಯನೋರು ಗೊತ್ತಲ್ಲ, ಅವರು ನಮ್ಮ ಅಂಗಡಿ ಕೇಳ್ತಾವ್ರೆ."

ಚಿಕ್ಕಸ್ವಾಮಿ ತಾಂಡ್ಯದ ಕಾರ್ಖಾನೆಯ ಕೆಲಸ ಬಿಟ್ಟುಬಂದು ನರಸೀಪುರದ ಬಸ್ ಸ್ಟ್ಯಾಂಡಿನ ಬಳಿ ಗೇಮ್ ಅಂಗಡಿ ಹಾಕಿದ್ದ. ಮೊದಲೆರಡು ವರ್ಷ ಹುಡುಗರು ಬಾಗಿಲು ಮುರಿಯುವ ಹಾಗೆ ಬರುತ್ತಿದ್ದರು. ಈಗ ಅದೇ ಹಳೆ ಕ್ಯಾಸೆಟ್ಟು ಆಡಿ ಆಡಿ ಬೇಸತ್ತು, ಮಳೆ ಬಂದಾಗ ನಿಲ್ಲುವುದಕ್ಕೆ ಮಾತ್ರ ಬರುತ್ತಿದ್ದರು. ಅದೇ ಜಾಗದಲ್ಲಿ ಔಷಧಿ ಅಂಗಡಿ ಹಾಕೋಣ, ಜಾಗ ನಿನ್ನದು, ಲೈಸೆನ್ಸ್ ನನ್ನದು, ಅರ್ಧ ಅರ್ಧ ಪಾಲು ಎಂದು ಮಹದೇವಯ್ಯ ಕೇಳಿದ್ದರು.

"ಒಳ್ಳೇದೇ ಅಲ್ವಾ ಅಕ್ಕ."

"ಒಳ್ಳೇದೇ. ಆದ್ರೆ ನಿಮ್ಮ ಭಾವ ಕೇಳ್ಬೇಕಲ್ಲ. ಕಬಡ್ಡಿ ಕ್ಯಾಸೆಟ್ ಬತ್ತದೆ, ಬಂದ್ರೆ ಊರೆಲ್ಲ ನಮ್ಮಂಗಡೀಲೇ ಇರ್ತದೆ ಅಂತ ಕುಂತವ್ರೆ. ಆಯುಧಪೂಜೆ ಒಳಗೆ ಹೇಳ್ದಿದ್ರೆ ಮಹದೇವಯ್ಯನೋರು ಪೇಟೆ ಬೀದೀಲಿ ಬೇರೆ ಮಳಿಗೆ ನೋಡ್ಕೋತಾರೆ. ನೀನು ಒಂದೇ ಮಾತು ಹೇಳ್ಬುಡು. ಕ್ಯಾಸೆಟ್ ಬತ್ತದಾ, ಇಲ್ವಾ?"

ಎದುರಿನ ಮೇಜಿನಲ್ಲಿ ಜಗನ್ ಯಾರಿಗೋ ಚಹ ಕೊಡಿಸುತ್ತ ಇತ್ತಲೇ ಕಿವಿಯಿಟ್ಟಿದ್ದ. ಭಾವನಿಗೆ ಹೇಳಿದರೆ ಸಂಜೆಯೊಳಗೆ ಇಡೀ ನರಸೀಪುರಕ್ಕೆ ಹೇಳಿದಂತೆ. ಕೆಲಸ ಹೋದರೆ ಅಪ್ಪನ ಔಷಧಿ, ಮನೆ ಬಾಡಿಗೆ. ರಂಜಿನಿ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು.

"ಕಂಪನಿ ಆ ವಿಷಯಾನ ಪರಿಶೀಲಿಸ್ತಾ ಇದೆ ಅಕ್ಕ."



"ಪರಿಶೀಲಿಸ್ತಾ ಇದೆ," ಎಂದಳು ಶಾಂತಿ. "ಸರಿ ಕಣವ್ವ." ಫೋನಿಟ್ಟಳು.

ಅಕ್ಕ ಅವಳನ್ನು ಅವ್ವ ಎನ್ನುವುದು ಕೋಪ ಬಂದಾಗ ಮಾತ್ರ. ಅವತ್ತಿಡೀ ರಂಜಿನಿ ಬರೆದ ವಾಕ್ಯಗಳಲ್ಲಿ ಕ್ರಿಯಾಪದವೇ ಬಿಟ್ಟುಹೋಗುತ್ತಿತ್ತು.

ಆಯುಧಪೂಜೆ ಹತ್ತಿರವಾಯಿತು. ಕ್ಯಾಸೆಟ್ ಬರಲಿಲ್ಲ. ನರಸೀಪುರದ ಕಬಡ್ಡಿ ಅಭಿಮಾನಿಗಳ ಮುಂದಾಳು ದೇವರಾಜು, ಬಿ.ಕಾಂ. ಎರಡನೇ ವರ್ಷದಲ್ಲಿ ಬಹಳ ವರ್ಷದಿಂದ ಇದ್ದವನು, ಹುಡುಗರನ್ನು ಕಟ್ಟಿಕೊಂಡು ಯಜಮಾನ ಪುಟ್ಟಬಸವಯ್ಯನ ಬಳಿ ಹೋದ. ಕನ್ಸ್ಯೂಮರ್ ಕೋರ್ಟಿಗೆ ಹೋಗೋಣ ಎಂದು ಯಾರೋ ಅಂದಿದ್ದರಂತೆ. ಅಲ್ಲಿ ರಸೀತಿ ಕೇಳುತ್ತಾರೆ. ಇಲ್ಲಿ ವೀಳ್ಯ ಕೊಟ್ಟದ್ದಕ್ಕೆ ಊರೇ ಸಾಕ್ಷಿ ಎಂದು ದೇವರಾಜು ವಾದಿಸಿದನಂತೆ. ಭಾನುವಾರ ಬೆಳಿಗ್ಗೆ ಬೀದಿಯ ಚಾವಡಿಯಲ್ಲಿ ನ್ಯಾಯ, ಕಂಪನಿಯವರು ಬರಬೇಕು ಎಂದು ಹೇಳಿಕಳಿಸಿದರು.

"ನಾನು ಹೋದ್ರೆ ಕಂಪನಿ ಹೋದ ಹಾಗಾಗುತ್ತೆ," ಎಂದ ಜಗನ್. "ನೀವು ಹೋದ್ರೆ ನೀವು ಹೋದ ಹಾಗೆ. ವೀಳ್ಯ ಕೊಟ್ಟಿದ್ದೂ ನೀವೇ ಅಲ್ವಾ? ಕಂಪನಿ ಹೆಸರಲ್ಲಿ ಯಾರಿಗೂ ಏನೂ ಕೊಟ್ಟಿಲ್ಲ. ಸದ್ಯಕ್ಕೆ, ಪರಿಶೀಲನೆ, ಇವೆರಡು ಬಿಟ್ಟು ಮೂರನೇ ಮಾತು ಆಡ್ಬೇಡಿ."

ಶನಿವಾರ ಸಂಜೆ ಮೆಟ್ಟಿಲಿಳಿಯುವಾಗ ಪ್ರೇಮ್‌ಕುಮಾರ್ ಒಂದು ಕ್ಯಾಸೆಟ್ ತಂದು ಅವಳ ಬ್ಯಾಗಿಗೆ ಹಾಕಿದ. ಅರ್ಧಕ್ಕೆ ನಿಂತ ಅದೇ ಆಟ. "ಬಾಯಲ್ಲಿ ಹೇಳಿದ್ರೆ ನಂಬಲ್ಲ. ಕಣ್ಣಲ್ಲಿ ನೋಡಿದ್ರೆ ನಂಬ್ತಾರೆ," ಎಂದ. ಯಾರೂ ಕೇಳದೆ ಅವನಾಗಿ ಮಾತಾಡಿದ್ದು ಅದೇ ಮೊದಲು, ಆದ್ದರಿಂದ ಸರಿಯಿರಬೇಕೆಂದು ಅವಳಿಗೆ ಅನ್ನಿಸಿತು.

ಭಾನುವಾರ ಅವಳು ಹೋಗುವಷ್ಟರಲ್ಲಿ ಚಾವಡಿ ತುಂಬಿತ್ತು. ಜಗಲಿಯ ಮೇಲೆ ಪುಟ್ಟಬಸವಯ್ಯ. ಕಂಬಕ್ಕೊರಗಿ ಭಾವ. ಹೆಂಗಸರ ಕಡೆ ಶಾಂತಿ, ತಂಗಿಯನ್ನು ನೋಡಿಯೂ ನೋಡದಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅಂದೇ ಉತ್ತರ ಬೇಕೆಂದು ಬಂದಿದ್ದ ಮಹದೇವಯ್ಯ ಸ್ಕೂಟರಿನಿಂದ ಇಳಿಯದೆಯೇ ಬೇವಿನ ಮರದ ಕೆಳಗೆ ಕಾಯುತ್ತಿದ್ದರು.

"ಬಾ ಕೂಸೆ, ಕುಂತ್ಕೊ," ಎಂದ ಪುಟ್ಟಬಸವಯ್ಯ. "ಎದ್ರುಕೋಬ್ಯಾಡ. ನಾವೇನು ಉಲಿಗಳಲ್ಲ. ಈ ದೇವರಾಜ ಏಳ್ತಾನೆ, ನೀವು ಮೋಸ ಮಾಡುದ್ರಿ ಅಂತ. ನೀನೇನಂದಿಯೆ?"

"ಕಂಪನಿಗೆ ಮೋಸ ಮಾಡೋ ಉದ್ದೇಶ ಇರಲಿಲ್ಲ ಯಜಮಾನ್ರೆ."

"ಉದ್ದೇಸ ಕೇಳ್ನಿಲ್ಲ. ಕ್ಯಾಸೆಟ್ ಕೇಳ್ದೆ."

ಹುಡುಗರು ನಕ್ಕರು. ದೇವರಾಜು ಎದ್ದು ನಿಂತ. "ಯಜಮಾನ್ರೆ, ಇವರು ಬರೆಯೋದ್ರಲ್ಲೆಲ್ಲ ಸದ್ಯಕ್ಕೆ ಸದ್ಯಕ್ಕೆ ಅಂತಾರೆ. ಸದ್ಯಕ್ಕೆ ಅಂದ್ರೆ ಎಷ್ಟೊತ್ತು ಅಂತ ಕೇಳಿ."

"ಎಷ್ಟೊತ್ತವ್ವ?"

"ಅದು... ಪರಿಸ್ಥಿತಿ ಬದಲಾಗೋವರೆಗೆ."

"ಯಾರ ಪರಿಸ್ಥಿತಿ?"

ರಂಜಿನಿಗೆ ಆ ಪ್ರಶ್ನೆ ಯಾವತ್ತೂ ಹೊಳೆದಿರಲಿಲ್ಲ. ವಾಕ್ಯಗಳನ್ನು ಎಷ್ಟೆಲ್ಲ ಕಟಕಟೆಗೆ ಹತ್ತಿಸಿದ್ದಳು, ಇಂಥ ವಕೀಲ ಅಲ್ಲಿ ಇರಲಿಲ್ಲ.

ಹಿಂದಿನಿಂದ ಒಬ್ಬ, "ಯಜಮಾನ್ರೆ, ವೀಳ್ಯ ಎತ್ತಾದ್ಮೇಲೆ ಗಂಡು ಕಾಣೆ ಆದಂಗಾಯ್ತಲ್ಲ ಇದು," ಎಂದ. ಇನ್ನೊಬ್ಬ, "ಗಂಡು ಕಾಣೆ ಆಗಿಲ್ಲ ಕಣ್ಲಾ, ಪರಿಶೀಲನೇಲದೆ," ಎಂದ. ಚಾವಡಿ ಪೂರಾ ನಕ್ಕಿತು. ಶಾಂತಿ ನಗಲಿಲ್ಲ.

"ನಗಾಡಬ್ಯಾಡಿ," ಎಂದ ಪುಟ್ಟಬಸವಯ್ಯ. "ನೋಡು ಕೂಸೆ. ವೀಳ್ಯ ಕೊಟ್ಟ ಕೈ ನಿಂದು. ಕಂಪನಿ ಯಾವನೋ, ನಂಗೆ ಬೇಕಾಗಿಲ್ಲ. ಬತ್ತದೆ ಅನ್ನು, ಇಲ್ಲ ಬರಲ್ಲ ಅನ್ನು. ಮಧ್ಯದಲ್ಲಿರೋದ್ನೆಲ್ಲ ಮನೇಲಿ ಇಟ್ಟು ಬಾ."

ರಂಜಿನಿ ಅಕ್ಕನ ಕಡೆ ನೋಡಿದಳು. ಸ್ಕೂಟರಿನ ಮೇಲೆ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದ ಮಹದೇವಯ್ಯನವರ ಕಡೆ ನೋಡಿದಳು. ಕೆಲಸ ಹೋದರೆ ಹೋಗಲಿ ಎಂದು ಧೈರ್ಯವಾಗಿ ತೀರ್ಮಾನಿಸಿದಳು ಎನ್ನುವಂತಿಲ್ಲ. ಆ ಕ್ಷಣಕ್ಕೆ ಅವಳಿಗೆ ಬೇರೆ ಮಾತೇ ಸಿಗಲಿಲ್ಲ.

"ಬರಲ್ಲ," ಎಂದಳು. "ಕೆಲಸ ನಿಲ್ಲಿಸಿ ತಿಂಗಳುಗಳಾಯ್ತು. ಯಾವತ್ತಿಗೂ ಬರಲ್ಲ. ಭಾವ, ಅಂಗಡಿ ಕೊಟ್ಟುಬಿಡಿ."

 ಅವಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟು ಸುಲಭವಿತ್ತೇ?

ಇರಲಿಲ್ಲ.

"ನಂಬಬ್ಯಾಡಿ," ಎಂದ ದೇವರಾಜು.

"ಯಾಕ್ಲಾ?"

"ಯಾವತ್ತಾದ್ರೂ ಇವರು ಇಂಗೆ ನೆಟ್ಟಗೆ ಮಾತಾಡಿದ್ದುಂಟಾ? ಇವತ್ತು ಸದ್ಯಕ್ಕೆ ಅನ್ನೋದೂ ಇಲ್ಲ, ಪರಿಶೀಲನೆ ಅನ್ನೋದೂ ಇಲ್ಲ. ಒಂದೇ ಏಟಿಗೆ ಬರಲ್ಲ ಅಂತಾವ್ರೆ. ಇದ್ರಲ್ಲಿ ಏನೋ ಅದೆ."

ಎಲ್ಲರೂ ತಲೆಯಾಡಿಸಿದರು. ಹೌದಲ್ಲ, ಏನೋ ಇದೆ. ಅಷ್ಟು ಓದಿದ ಹುಡುಗಿ ಅಷ್ಟು ಚಿಕ್ಕ ಮಾತು ಆಡುವುದೆಂದರೇನು? ಚಿಕ್ಕಸ್ವಾಮಿ ಕಂಬ ಬಿಟ್ಟು ಮುಂದೆ ಬಂದ. ಅವನ ಮುಖದಲ್ಲಿ ದುಃಖವಿರಲಿಲ್ಲ, ಲೆಕ್ಕಾಚಾರವಿತ್ತು.

"ರಂಜಿನಿ, ನಿನ್ನ ಬಾಯಲ್ಲಿ ಯಾರು ಏಳಿಸ್ತಾವ್ರೆ ಇದ?"

"ಯಾರೂ ಇಲ್ಲ ಭಾವ. ನಿಮ್ಮಾಣೆ."

"ನನ್ನಾಣೆ ಯಾಕೆ ಇಡ್ತೀಯ, ನಿನ್ನಾಣೆ ಇಡು," ಎಂದ ಭಾವ. ಚಾವಡಿ ಮತ್ತೆ ನಕ್ಕಿತು.

ಆಗ ಅವಳಿಗೆ ಬ್ಯಾಗಿನಲ್ಲಿದ್ದ ಕ್ಯಾಸೆಟ್ ನೆನಪಾಯಿತು. "ಕಣ್ಣಾರೆ ನೋಡಿ," ಎಂದು ತೆಗೆದಳು. ಕ್ಯಾಸೆಟ್ ಕಂಡದ್ದೇ ತಡ, ನ್ಯಾಯ ಎದ್ದು ನಿಂತು ಬಸ್ ಸ್ಟ್ಯಾಂಡಿನ ಕಡೆ ಓಡಿತು. ಪುಟ್ಟಬಸವಯ್ಯನೂ ಪಂಚೆ ಎತ್ತಿಕಟ್ಟಿ ನಡೆದ. ಚಿಕ್ಕಸ್ವಾಮಿ ಅಂಗಡಿಯ ಷಟರ್ ಎತ್ತಿ, ದೊಡ್ಡ ಟಿ.ವಿ. ಹಚ್ಚಿ, ಕ್ಯಾಸೆಟ್ಟಿಗೆ ಬಾಯಿಂದ ಗಾಳಿ ಊದಿ ಪೆಟ್ಟಿಗೆಗೆ ತುರುಕಿದ.

ಪರದೆಯ ಮೇಲೆ ನರಸೀಪುರ ಎಂಬ ಅಕ್ಷರ ಮೂಡಿತು. ಯಾರೋ ಸಿಳ್ಳೆ ಹೊಡೆದರು. ನರಸೀಪುರದವನು ಗೆರೆ ದಾಟಿದ, ತಗಡೂರಿನವರು ಕೈ ಕೈ ಹಿಡಿದು ಸಾಲುಗಟ್ಟಿದರು, ಅರ್ಧಕ್ಕರ್ಧ ಮಾಯವಾದರು. ನರಸೀಪುರದವನು ಯಾರೂ ಇಲ್ಲದ ಕಡೆಯಿಂದ ವಾಪಸು ಬರಲು ನೋಡಿದ; ಕಾಣದ ಕೈಯೊಂದು ಅವನ ಕಾಲು ಹಿಡಿದು ಕೆಡವಿತು. ಆಟ ಅಲ್ಲಿಗೇ ಸ್ತಬ್ಧವಾಯಿತು. ಮುಂದಿನ ಪ್ರೋಗ್ರಾಂ ಬರೆದಿರಲಿಲ್ಲ.

"ನೋಡಿದ್ರಾ?" ಎಂದಳು ರಂಜಿನಿ. "ಈ ಪೆಟ್ಟಿಗೇಲಿ ಏಳು ಜನ ಸಾಲಾಗಿ ನಿಲ್ಲೋಕೆ ಆಗಲ್ಲ. ಅದಕ್ಕೇ ಕೈಬಿಟ್ಟಿದ್ದು."

ಯಾರೂ ಅವಳ ಮಾತು ಕೇಳಿಸಿಕೊಂಡಂತಿರಲಿಲ್ಲ. ದೇವರಾಜುವಿನ ಕಣ್ಣು ತುಂಬಿತ್ತು.

"ಅರ್ಧ ಆಗೋಗದೆ ಕಣ್ರಲಾ," ಎಂದ ಮೆಲ್ಲಗೆ. "ಸುಳ್ಳಲ್ಲ. ನಮ್ಮೂರ ಎಸರು ಬಂತು. ಅರ್ಧ ಮಾಡಿದೋರು ಇನ್ನರ್ಧ ಮಾಡದೆ ಇರ್ತಾರಾ?"

"ಮಾಡಲ್ಲ ದೇವರಾಜು. ನಿಲ್ಸಿದ್ದಾರೆ."

"ನಿಲ್ಸಿದ್ರೆ ನಿಮ್ಮ ಬ್ಯಾಗಲ್ಲಿ ಯಾಕಿರೋದು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಜನ ಟಿ.ವಿ. ಸುತ್ತ ಮುಗಿಬಿದ್ದರು. ಮಾಯವಾದವರ ಜಾಗ ಬೆರಳಿಟ್ಟು ಎಣಿಸಿದರು. ಇವರು ಇಲ್ಲಿ ನಿಂತಿರಬೇಕು, ಸ್ವಲ್ಪ ಬಣ್ಣ ಹಚ್ಚಿದರೆ ಕಾಣುತ್ತಾರೆ ಎಂದು ಒಬ್ಬ ಹೇಳಿದ, ಟಿ.ವಿ. ಹಳೆಯದು, ಹೊಸ ಟಿ.ವಿ.ಯಲ್ಲಿ ಕಂಡಾರು ಎಂದು ಇನ್ನೊಬ್ಬ. ಚಿಕ್ಕಸ್ವಾಮಿ ಹೊರಗೆ ಬಂದು, ಸ್ಕೂಟರ್ ತಳ್ಳಿಕೊಂಡು ಹಿಂದೆಯೇ ಬಂದಿದ್ದ ಮಹದೇವಯ್ಯನವರಿಗೆ ಕೈಮುಗಿದ.

"ಬ್ಯಾಡ ಸಾ. ನಮ್ಗೆ ಇದೇ ಆಯ್ತದೆ. ಕಣ್ಣಾರೆ ಕಂಡೋ."

"ನಿನ್ನಿಷ್ಟ ಕಣಪ್ಪ," ಎಂದು ಅವರು ಸ್ಕೂಟರಿಗೆ ಒದೆ ಕೊಟ್ಟರು. ಅದು ಸ್ಟಾರ್ಟಾಗಲಿಲ್ಲ. ಇನ್ನೊಂದು ಒದೆ ಕೊಟ್ಟರು.

ಅಂಗಡಿಯ ಬಾಗಿಲಲ್ಲಿ ಶಾಂತಿ ನಿಂತಿದ್ದಳು.  ಒದೆಗೆ ಸ್ಟಾರ್ಟಾಗದ ಸ್ಕೂಟರನ್ನೇ ನೋಡುತ್ತಿದ್ದಳು, ಅದು ಸ್ಟಾರ್ಟಾಗದೇ ಇರಲಿ ಎಂದು ದೇವರಿಗೆ ಹರಕೆ ಹೊತ್ತವಳಂತೆ. ಅಕ್ಕನ ಮುಖ ನೋಡುತ್ತಿದ್ದ ರಂಜಿನಿಗೆ ಒಂದು ವಿಷಯ ಥಟ್ಟನೆ ಸ್ಪಷ್ಟವಾಯಿತು. ನಿಜ ಅರ್ಧ ಹೇಳಿದರೂ ಈ ಜನಕ್ಕೆ ಆಸೆಯಾಗುತ್ತದೆ, ಪೂರಾ ಹೇಳಿದರೂ ಆಸೆಯಾಗುತ್ತದೆ, ಕಣ್ಣಿಗೆ ತೋರಿಸಿದರಂತೂ ಆಸೆ ಬೇರುಬಿಡುತ್ತದೆ.  ಧ್ವನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು.

"ಸರಿ, ನಿಜ ಹೇಳಿಬಿಡ್ತೀನಿ. ಕ್ಯಾಸೆಟ್ ಬರುತ್ತೆ."

ಎಲ್ಲರೂ ತಿರುಗಿದರು.

"ಆದರೆ ನಿಮಗೆ ಕೊಡಲ್ಲ. ಕಂಪನಿಯವರೇ ಇಲ್ಲಿ, ಈ ಬಸ್ ಸ್ಟ್ಯಾಂಡಿನ ಎದುರಿಗೇ, ಗೇಮ್ ಅಂಗಡಿ ಹಾಕ್ತಾರೆ. ಗಾಜಿನ ಬಾಗಿಲು, ಎ.ಸಿ., ಎಲ್ಲಾ ಇರುತ್ತೆ. ಕ್ಯಾಸೆಟ್ ಅಲ್ಲಿ ಮಾತ್ರ. ಬೇರೆ ಅಂಗಡಿಯವರೆಲ್ಲ ಬಾಗಿಲು ಹಾಕೋವರೆಗೆ ಸುಮ್ಮನಿರಬೇಕು ಅಂತ ನನಗೆ ಹೇಳಿ ಕಳಿಸಿದ್ದಾರೆ."

ಅವಳ ಬಾಯಿಂದ ಬಂದ ಮೊಟ್ಟಮೊದಲ ಶುದ್ಧ ಸುಳ್ಳು ಅದು. ಅದನ್ನು ಯಾವ ಕಟಕಟೆಗೂ ಹತ್ತಿಸಿರಲಿಲ್ಲ, ಒಂದು ಪದವನ್ನೂ ತಿದ್ದಿರಲಿಲ್ಲ. ಜನರ ಮುಖದ ಮೇಲೆ ನೆಮ್ಮದಿ ಹರಡುವುದನ್ನು ಅವಳು ಆಶ್ಚರ್ಯದಿಂದ ನೋಡಿದಳು.

"ಅಂಗೇಳು ಮತ್ತೆ," ಎಂದ ಪುಟ್ಟಬಸವಯ್ಯ. "ಈಗ ಅರ್ಥ ಆಯ್ತದೆ."

"ನಾನು ಏಳ್ನಿಲ್ವಾ, ಏನೋ ಅದೆ ಅಂತ," ಎಂದ ದೇವರಾಜು ಸಮಾಧಾನದಿಂದ.

ಚಿಕ್ಕಸ್ವಾಮಿ ಒಂದು ಗಳಿಗೆ ಎದುರಿನ ಖಾಲಿ ಜಾಗವನ್ನು ದಿಟ್ಟಿಸಿದ. ಅಲ್ಲಿ ಗಾಜಿನ ಬಾಗಿಲು ಎದ್ದು ನಿಂತದ್ದು ಅವನಿಗೆ ಕಂಡಿತು, ಎ.ಸಿ.ಯ ತಂಪೂ ತಾಗಿರಬೇಕು. "ಕಳ್ ನನ್ಮಕ್ಳು," ಎಂದು ಗೊಣಗಿದವನೇ, ಆಗಷ್ಟೇ ಸ್ಟಾರ್ಟಾದ ಸ್ಕೂಟರಿನ ಹಿಂದೆ, "ಮಹದೇವಯ್ಯನೋರೆ, ನಿಂತ್ಕಳಿ, ಒಂದು ಮಾತು," ಎಂದು ಕೂಗುತ್ತ ಓಡಿದ.

ಪುಟ್ಟಬಸವಯ್ಯ ಅಲ್ಲೇ, ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ತೀರ್ಪು ಹೇಳಿದ. ಕಂಪನಿಯವರು ಮೋಸಗಾರರು. ಕೂಸಿನದೇನೂ ತಪ್ಪಿಲ್ಲ. ಮೊದಲು ಹೆದರಿಕೊಂಡು ಬರಲ್ಲ ಅಂತ ಸುಳ್ಳು ಹೇಳಿತು, ಆಮೇಲೆ ಊರಿನ ಮುಂದೆ ನಿಜ ಒಪ್ಪಿಕೊಂಡಿತು. ಅಂಥ ಕೂಸಿನ ಮೇಲೆ ವೀಳ್ಯದ ಮಾತು ನಿಲ್ಲುವುದಿಲ್ಲ. ರಂಜಿನಿಗೆ ಕೈಮುಗಿಯುವುದೋ ಅಳುವುದೋ ತಿಳಿಯಲಿಲ್ಲ. ಕೈಮುಗಿದಳು.

ಸುದ್ದಿ ಸೋಮವಾರ ಅವಳಿಗಿಂತ ಮೊದಲೇ ಆಫೀಸಿಗೆ ಬಂದಿತ್ತು. ಜಗನ್ ಬಯ್ಯುತ್ತಾನೆಂದುಕೊಂಡು ಅವಳು ಮೇಜಿನ ಡ್ರಾಯರಿನಲ್ಲಿದ್ದ ತನ್ನ ಬಾಚಣಿಗೆ, ಪೆನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು.

"ಯಾವ ಅಂಗಡಿ?" ಎಂದು ಕೇಳಿದ ಜಗನ್. ಅವಳು ಹೇಳುತ್ತಿದ್ದಂತೆ ಅವನ ಎರಡೂ ಕೈ ನಿಧಾನವಾಗಿ ಮೇಲೆದ್ದವು. "ಗಾಜಿನ ಬಾಗಿಲು. ಎ.ಸಿ. ನರಸೀಪುರದಲ್ಲಿ. ರಂಜಿನಿ, ಇದು ನನಗೆ ಯಾಕೆ ಹೊಳೀಲಿಲ್ಲ? ಒಂದು ಪ್ರಕಟಣೆ ಬರೆದುಬಿಡಿ. ಶೀಘ್ರದಲ್ಲೇ ಅಂತ ಹಾಕಿ. ಸದಸ್ಯತ್ವಕ್ಕೆ ಈಗಲೇ ಹೆಸರು ಕೊಡಬಹುದು ಅಂತಾನೂ ಹಾಕಿ."

"ಅಂಗಡಿ ಹಾಕ್ತೀರಾ ಸರ್?"

"ಪರಿಶೀಲಿಸೋಣ."

ರಂಜಿನಿ ಕಂಪ್ಯೂಟರ್ ಮುಂದೆ ಕೂತು ಎರಡು ಸಾಲು ಬರೆದಳು. '"ತಾಲ್ಲೂಕು ಕಬಡ್ಡಿ"ಯ ಟಿ.ವಿ. ಕ್ಯಾಸೆಟ್ ರದ್ದಾಗಿದೆ. ಕಂಪನಿ ಎಲ್ಲಿಯೂ ಅಂಗಡಿ ತೆರೆಯುವುದಿಲ್ಲ.' ಪ್ರಿಂಟು ತೆಗೆದು, ಕೆಳಗಿಳಿದು, ಪಾತ್ರೆ ಅಂಗಡಿಯ ಪಕ್ಕದ ಮೆಟ್ಟಿಲ ಬಾಗಿಲಿಗೆ ಅಂಟಿಸಿದಳು. ಆಮೇಲೆ ಮೇಲೆ ಹತ್ತಲಿಲ್ಲ. ಎದುರಿನ ಬೇಕರಿಯ ನೆರಳಲ್ಲಿ ನಿಂತು ನೋಡಿದಳು. ಕಂಪ್ಯೂಟರ್ ಕಲಿಯಲು ಬಂದ ಇಬ್ಬರು ಹುಡುಗರು ಕಾಗದ ಓದಿದರು. ಒಬ್ಬ ಕಣ್ಣು ಕಿರಿದು ಮಾಡಿ ಇನ್ನೊಂದು ಸಲ ಓದಿ, ಪಕ್ಕದವನಿಗೆ, "ದಸರಾಕ್ಕೆ ಬಿಡ್ತಾರೆ ಕಣೋ, ನೋಡ್ತಿರು," ಎಂದ. ಈಗಲೇ ಹೆಸರು ಬರೆಸಿಬಿಡೋಣ ಎನ್ನುತ್ತ ಇಬ್ಬರೂ ಮಹಡಿ ಹತ್ತಿದರು.

ಅವಳು ನರಸೀಪುರದ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಟಿ.ವಿ.ಗಳೆಲ್ಲ ಒಂದು ಮೂಲೆ ಸೇರಿದ್ದವು. ಬಡಗಿಯೊಬ್ಬ ಔಷಧಿ ಇಡುವ ಹಲಗೆಗಳಿಗೆ ಅಳತೆ ಹಿಡಿಯುತ್ತಿದ್ದ. ಚಿಕ್ಕಸ್ವಾಮಿ, ಮಹದೇವಯ್ಯ ಇಬ್ಬರೂ ಲೈಸೆನ್ಸಿನ ಕೆಲಸಕ್ಕೆಂದು ಮೈಸೂರಿಗೆ ಹೋಗಿದ್ದರು. ಶಾಂತಿ ಒಬ್ಬಳೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅಲಸಂದೆಕಾಳು ಬಿಡಿಸುತ್ತಿದ್ದಳು. ತಂಗಿಗೆ ಇನ್ನೊಂದು ಕುರ್ಚಿ ಎಳೆದು, ಮೊರವನ್ನು ಇಬ್ಬರ ಮಧ್ಯೆ ಇಟ್ಟಳು.

"ನಿಮ್ಮ ಕಂಪನಿ ಅಂಗಡಿ ಯಾವತ್ತು ಶುರುವಾಗೋದು? ನಿಮ್ಮ ಭಾವ ಬೆಳಿಗ್ಗೆ ಎದ್ದೋರೇ ಎದುರುಗಡೆ ಜಾಗ ನೋಡಿ ಬೈದ್ರು."

"ಅಂಥದ್ದೇನೂ ಇಲ್ಲ ಅಕ್ಕ. ಕ್ಯಾಸೆಟ್ಟೂ ಇಲ್ಲ, ಅಂಗಡೀನೂ ಇಲ್ಲ. ನಾನು ನಿನ್ನೆ ಸುಳ್ಳು ಹೇಳಿದೆ." ರಂಜಿನಿ ಒಂದು ಕಾಯಿ ತೆಗೆದುಕೊಂಡಳು, ಸಿಪ್ಪೆ ಸುಲಿಯಲು ಉಗುರು ತೂರಲಿಲ್ಲ. "ಕೆಲಸಾನೂ ಬಿಟ್ಟು ಬಂದೆ."

ಶಾಂತಿಯ ಕೈ ನಿಂತಿತು. ಬಡಗಿ ಕೇಳಿಸಿಕೊಂಡನೇನೋ ಎಂದು ಒಳಗೆ ಇಣುಕಿ ನೋಡಿದಳು. ಅವನು ಉಳಿಗೆ ಸಾಣೆ ಹಿಡಿಯುತ್ತಿದ್ದ. ಆಮೇಲೆ ತಂಗಿಯ ಕೈಯಿಂದ ಆ ಕಾಯಿ ಕಿತ್ತುಕೊಂಡು ತಾನೇ ಸುಲಿದಳು.

"ನಾನು ಫೋನ್ ಮಾಡಿದ ದಿನ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಸುಳ್ಳು ಹೇಳೋಕೂ ಬರ್ತಿತ್ತು."

"ಅದು ನಿನ್ನೇನೇ ಗೊತ್ತಾಗಿದ್ದು ಅಕ್ಕ."

"ಅವತ್ತು ಬೂತಲ್ಲಿ ನಿಂತ್ಕೊಂಡು ಅತ್ತೆ ಕಣೆ ನಾನು," ಎಂದಳು ಶಾಂತಿ. ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ರಸ್ತೆಗೆಸೆದಳು. "ಪರಿಶೀಲನೆ ಗಿರಿಶೀಲನೆ ಅಂತೆಲ್ಲ ಅನ್ನೋ ಬದಲು ಮೊದಲೇ ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"